ಹೆಂಡದ ಹೆಸರು ಹೊತ್ತ ನೀರಾ



ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದರೂ ಜನ ಹೆಂಡವೆನ್ನುತ್ತಾರೆಂಬ ಗಾದೆ ನಮ್ಮಲ್ಲಿದೆ. ಮಜ್ಜಿಗೆಗೇ ಈ ಗತಿಯಾದರೆ, ಅಂಥ ಮರದಿಂದಲೇ ಇಳಿಸುವ ನೀರಾದ ಪಾಡೇನು? ಬೇಸಿಗೆಯಲ್ಲಿ ಪಾನಕ, ಮಜ್ಜಿಗೆ, ಎಳನೀರುಗಳನ್ನು ನೆನೆಯುವ ನಾವು ನೀರಾದ ಹೆಸರೆತ್ತಲು ಹಿಂಜರಿಯುತ್ತೇವೆ. ಈ ಹಿಂಜರಿಕೆ ನ್ಯಾಯವೇ ಎಂಬುದನ್ನು ನೋಡೋಣ.

ನೀರಾ ಎಂದರೆ ತೆಂಗು, ತಾಳೆ, ಈಚಲು ಮರಗಳ ಹುಳಿಯದ ಸಿಹಿರಸ. ಈಚಲಿನ ರಸಕ್ಕೆ ಚಳಿಗಾಲ ಒಳ್ಳೆಯದು, ತಾಳೆಯದಕ್ಕೆ ಬೇಸಿಗೆ. ತೆಂಗು ವರ್ಷವಿಡೀ ಕೊಡುತ್ತದೆ. ತೆಂಗಿನ ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ದಿನವೂ ಮೆಲ್ಲಗೆ ತಟ್ಟಿ, ತುದಿಯನ್ನು ತೆಳ್ಳಗೆ ಕೊಯ್ಯುತ್ತ ಬಂದರೆ ಕೆಲವು ದಿನಗಳಲ್ಲಿ ರಸ ಹನಿಯತೊಡಗುತ್ತದೆ. ಕಾಯಿಗೆ ಸೇರಬೇಕಾಗಿದ್ದ ಸಕ್ಕರೆ ಹೀಗೆ ಗಡಿಗೆಗೆ ಇಳಿಯುತ್ತದೆ. ಇದು ಕೈಹದದ ಕಸುಬು. ಹದ ತಪ್ಪಿದರೆ ರಸವಿಲ್ಲ.

ಹಾಗಾದರೆ ಹೆಂಡ ಯಾವುದು? ಇದೇ ರಸ, ಕೆಲವು ಗಂಟೆ ಕಳೆದ ಮೇಲೆ. ಗಾಳಿಯಿಂದಲೋ ಗಡಿಗೆಯಿಂದಲೋ ಸೇರಿದ ಯೀಸ್ಟ್ ಎಂಬ ಸೂಕ್ಷ್ಮಜೀವಿ ಸಕ್ಕರೆಯನ್ನು ಮದ್ಯಸಾರವಾಗಿಸುತ್ತದೆ. ಬಿಸಿಲೇರಿದಷ್ಟೂ ಈ ಕೆಲಸ ಚುರುಕು. ಆದ್ದರಿಂದಲೇ ನೀರಾವನ್ನು ಸೂರ್ಯ ಮೂಡುವ ಮುನ್ನ ಇಳಿಸುವುದು ರೂಢಿ. ಹಿಂದಿನವರು ಗಡಿಗೆಯ ಒಳಮೈಗೆ ಸುಣ್ಣ ಬಳಿದು ಹುಳಿಯನ್ನು ತಡೆಯುತ್ತಿದ್ದರು. ತಮಿಳುನಾಡಿನ ತಾಳೆಯ ಪದನೀರು ಇಂದಿಗೂ ಹಾಗೆಯೇ ಸಿದ್ಧವಾಗುತ್ತದೆ. ಕಾಸರಗೋಡಿನ ತೋಟ ಬೆಳೆಗಳ ಸಂಶೋಧನಾ ಸಂಸ್ಥೆಯವರು ಮಂಜುಗಡ್ಡೆ ತುಂಬಿದ ಪೆಟ್ಟಿಗೆಯಲ್ಲಿ ರಸ ಹಿಡಿಯುವ ಕ್ರಮವನ್ನು ರೂಪಿಸಿ, ಆ ಪಾನೀಯಕ್ಕೆ ‘ಕಲ್ಪರಸ’ ಎಂದು ಹೆಸರಿಟ್ಟರು. ಸುಣ್ಣ ಬೇಡ, ತಂಪು ಸಾಕು.

ಪಾನನಿರೋಧದ ಪರವಾಗಿ ಹೋರಾಡಿದ ಗಾಂಧೀಜಿಯವರೇ ನೀರಾವನ್ನೂ ತಾಳೆಬೆಲ್ಲವನ್ನೂ ಎತ್ತಿಹಿಡಿದರು. ಹೆಂಡ ಇಳಿಸುವವರಿಗೆ ಮರ ಬಿಡದೆಯೇ ಬೇರೆ ಜೀವನೋಪಾಯ ಸಿಗಬೇಕೆಂಬುದು ಅವರ ಆಶಯ. ಆದರೆ ಬೆಳಗಿನ ರಸ ಮಧ್ಯಾಹ್ನಕ್ಕೆ ಹೆಂಡವಾಗುವುದರಿಂದ ಅಬಕಾರಿ ಇಲಾಖೆಗೆ ಎರಡರ ಮೇಲೂ ಒಂದೇ ಕಣ್ಣು. ತೆಂಗಿಗೆ ನುಸಿರೋಗ ಬಿದ್ದು, ಕಾಯಿಯ ಬೆಲೆಯೂ ಇಳಿದಾಗ ನಮ್ಮ ರೈತರು ನೀರಾ ಇಳಿಸುವ ಹಕ್ಕು ಕೇಳಿದರು. 2001ರಲ್ಲಿ ಚನ್ನಪಟ್ಟಣದ ಬಳಿಯ ವಿಠಲೇನಹಳ್ಳಿಯಲ್ಲಿ ಆ ಚಳವಳಿಯ ಮೇಲೆ ಗೋಲಿಬಾರ್ ನಡೆದು ರೈತರ ಪ್ರಾಣಹಾನಿಯಾಯಿತು. ರಾಜ್ಯದ ಅಬಕಾರಿ ಕಾನೂನಿನಲ್ಲಿ ನೀರಾಕ್ಕೆ ಪ್ರತ್ಯೇಕ ಸ್ಥಾನ ದೊರೆತು, ಪರವಾನಗಿಯ ಮೇಲೆ ಇಳಿಸುವ ಅವಕಾಶ ಸಿಗಲು 2017ರವರೆಗೆ ಕಾಯಬೇಕಾಯಿತು. ಒಂದು ಲೋಟ ಸಿಹಿರಸದ ಹಿಂದೆ ಇಷ್ಟು ಕಥೆಯಿದೆ.

ನೀರಾ ಸರ್ವರೋಗಕ್ಕೂ ಮದ್ದೆಂದು ನಾನು ಹೇಳುವುದಿಲ್ಲ. ಅದರಲ್ಲಿ ಸಕ್ಕರೆ ಹೆಚ್ಚು, ಮಧುಮೇಹಿಗಳು ಎಚ್ಚರದಿಂದಿರಬೇಕು. ನೊರೆಯೆದ್ದು ಹುಳಿವಾಸನೆ ಬಂದರೆ ಅದು ನೀರಾ ಅಲ್ಲ. ಆದರೆ ಕಾನೂನು ಒಪ್ಪಿದರಷ್ಟೇ ಸಾಲದು. ಮರವೇರುವ ಕೈಗಳು ಉಳಿಯಬೇಕು, ಇಳಿಸಿದ್ದು ತಂಪಾಗಿಯೇ ಊರು ಸೇರಬೇಕು, ಕೊಳ್ಳುವವನ ಸಂಕೋಚ ಹೋಗಬೇಕು. ಮೊದಲೆರಡಕ್ಕೆ ಸರಕಾರವೂ ಸಹಕಾರ ಸಂಘಗಳೂ ಬೇಕು. ಮೂರನೆಯದು ಮಾತ್ರ ನಮ್ಮ ಕೈಯಲ್ಲೇ ಇದೆ.