ಗೊಬ್ಬರದ ಹಣ ವರದಕ್ಷಿಣೆಯೇ?

ಅಕ್ಕತಂಗಿಯರೇ,

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರಿನಿಂದ ಒಂದು ದಿನದ ಕೂಲಿ ಬಿಟ್ಟು ಬಂದಿದ್ದೀರಿ. ಕೋರ್ಟಿನ ಮಾತು ವಕೀಲರಿಗೆ ಬಿಡೋಣ ಎನ್ನಬೇಡಿ. ನಾನು ಹೇಳಹೊರಟದ್ದು ಗೊಬ್ಬರದ ಹಣದ ವಿಷಯ.

ಮದುವೆಯಲ್ಲಿ ಕೊಟ್ಟದ್ದಷ್ಟೇ ವರದಕ್ಷಿಣೆ ಎಂದು ನಮ್ಮಲ್ಲಿ ಬಹಳ ಜನ ತಿಳಿದಿದ್ದಾರೆ. ಆಮೇಲೆ "ಬೋರ್ ಕೊರೆಸಬೇಕು, ನಿಮ್ಮಪ್ಪನ ಹತ್ತಿರ ಇಸಕೊಂಡು ಬಾ" ಎಂದು ಅಟ್ಟಿದರೆ ಅದೇನು? ಮಹಾರಾಷ್ಟ್ರದ ಒಂದು ಮೊಕದ್ದಮೆಯಲ್ಲಿ ಇದೇ ಪ್ರಶ್ನೆ ಎದ್ದಿತು. ಮನೆಖರ್ಚಿಗೆ, ಗೊಬ್ಬರಕ್ಕೆ ತವರಿನಿಂದ ಹಣ ತಾ ಎಂದಿದ್ದರು. ಹೆಣ್ಣುಮಗಳು ವಿಷದಿಂದ ಸತ್ತಳು. ಕೆಳಗಿನ ಕೋರ್ಟು ಕೊಟ್ಟ ಶಿಕ್ಷೆಯನ್ನು ಹೈಕೋರ್ಟು ಎತ್ತಿಹಿಡಿಯಿತು. 2007ರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು, ಅಡಚಣೆಗೆಂದು ಕೇಳಿದ ಹಣ ವರದಕ್ಷಿಣೆಯಲ್ಲ ಎಂದು ಬಿಡುಗಡೆ ಮಾಡಿದರು. ಇದೇ ಅಪ್ಪಾಸಾಹೇಬ್ ತೀರ್ಪು.

ಅದು ಆ ಒಂದು ಮನೆಗೇ ಮುಗಿಯಲಿಲ್ಲ. ಸುಪ್ರೀಂ ಕೋರ್ಟು ಸಾರಿದ ಕಾನೂನನ್ನು ದೇಶದ ಎಲ್ಲ ಕೋರ್ಟುಗಳೂ ಪಾಲಿಸಬೇಕೆಂದು ಸಂವಿಧಾನದ 141ನೇ ವಿಧಿ ಹೇಳುತ್ತದೆ. ದಾವಣಗೆರೆಯಲ್ಲಿ ಶಿಕ್ಷೆಯಾದವನು ಬೆಂಗಳೂರಿನ ಹೈಕೋರ್ಟಿಗೆ ಮೇಲ್ಮನವಿ ಹಾಕಿದರೆ, ಅವನ ವಕೀಲರು ಇಂಥ ಹಳೆಯ ತೀರ್ಪನ್ನೇ ಮುಂದಿಡುತ್ತಾರೆ. ನಮ್ಮ ಕಷ್ಟವನ್ನು ಅಡಚಣೆ ಎಂಬ ಒಂದು ಮಾತಿನಲ್ಲಿ ತೇಲಿಸಿದ ತೀರ್ಪು ಅದು ಎಂದೇ ನನ್ನ ಅಭಿಪ್ರಾಯ.

2015ರಲ್ಲಿ ಪಂಜಾಬಿನ ರಾಜಿಂದರ್ ಸಿಂಗ್ ಪ್ರಕರಣ ಮೂವರು ನ್ಯಾಯಮೂರ್ತಿಗಳ ಮುಂದೆ ಬಂತು. ಅಲ್ಲಿ ಕೇಳಿದ್ದು ಮನೆ ಕಟ್ಟುವ ಹಣ. ಮದುವೆಯಾದ ಮೇಲೆ ಕೇಳಿದ್ದಾದರೂ ಅದಕ್ಕೂ ಹೆಣ್ಣಿನ ಸಾವಿಗೂ ನಂಟಿದ್ದರೆ, ಬೇರೆ ಕಾರಣ ಸ್ಪಷ್ಟವಾಗಿ ಕಾಣದ ಹೊರತು, ಅದು ವರದಕ್ಷಿಣೆಯೇ ಎಂದರು. 2007ರ ತೀರ್ಪು ಸರಿಯಲ್ಲ ಎಂದೂ ಹೇಳಿದರು. ಇಬ್ಬರ ಪೀಠಕ್ಕಿಂತ ಮೂವರ ಪೀಠದ ಮಾತು ಮೇಲು. 2022ರಲ್ಲಿ ಮಧ್ಯಪ್ರದೇಶದ ಜೋಗೇಂದ್ರ ಪ್ರಕರಣದಲ್ಲೂ ಮನೆ ಕಟ್ಟುವ ಹಣದ ಮಾತೇ. ವರದಕ್ಷಿಣೆ ಸಾವಿನ ಆರೋಪದಿಂದ ಹೈಕೋರ್ಟು ಬಿಟ್ಟಿದ್ದ ಗಂಡ ಮತ್ತು ಮಾವನಿಗೆ ಸುಪ್ರೀಂ ಕೋರ್ಟು ಏಳು ವರ್ಷ ಶಿಕ್ಷೆ ಕೊಟ್ಟಿತು.

2024ರ ಜುಲೈ 1ರಿಂದ ಹಳೆಯ 304-ಬಿ ಕಲಮು ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮಾಗಿದೆ. ನಂಬರು ಬದಲಾಯಿತು, ಒಳಗಿನ ಮಾತು ಅದೇ; ಹಾಗಾಗಿ ಈ ತೀರ್ಪುಗಳು ಈಗಲೂ ಕೆಲಸಕ್ಕೆ ಬರುತ್ತವೆ.

ಆದರೆ ತೀರ್ಪು ಸಿಕ್ಕಿದ ಮಾತ್ರಕ್ಕೆ ಆಗಲಿಲ್ಲ. ಆ ಪ್ರಕರಣದ ಸಂಗತಿ ಬೇರೆ, ಇದು ಬೇರೆ ಎಂದು ಎದುರು ವಕೀಲರು ಪಕ್ಕಕ್ಕೆ ಸರಿಸುತ್ತಾರೆ. ಎಷ್ಟು ಕೇಳಿದರು, ಯಾತಕ್ಕೆ, ಯಾವ ತಿಂಗಳು, ಯಾರೆದುರಿಗೆ? ಪೊಲೀಸರ ಮುಂದೆ ಬರೀ "ಕಿರುಕುಳ ಕೊಡುತ್ತಿದ್ದರು" ಎಂದು ಬರೆಸಿದರೆ ಹೈಕೋರ್ಟಿನಲ್ಲಿ ಹಿಡಿಯಲು ಏನೂ ಉಳಿಯುವುದಿಲ್ಲ. ಕಿರುಕುಳ ಸಾವಿಗೆ ಹತ್ತಿರದ ಕಾಲದಲ್ಲಿ ನಡೆದದ್ದೆಂದೂ ತೋರಿಸಬೇಕು. ಹಿಂದಿನ ದಿನವೇ ಆಗಿರಬೇಕೆಂದಿಲ್ಲ, ನಂಟು ಕಡಿದಿರಬಾರದು ಎಂದು 2021ರ ಸತ್‌ಬೀರ್ ಸಿಂಗ್ ತೀರ್ಪು ಹೇಳಿದೆ.

ಇನ್ನೊಂದು ಮಾತು. ಅಳಿಯನ ಬಾಯಿ ಮುಚ್ಚಿಸಲು ನೀವು ಸಾಲ ತೆಗೆಯುವುದು ನಮ್ಮ ಗುಂಪಿನಿಂದಲೇ. ಪುಸ್ತಕದಲ್ಲಿ ಮಾತ್ರ "ಮನೆ ಖರ್ಚು" ಎಂದು ಬರೆಸುತ್ತೀರಿ, ಮಾನ ಹೋಗುತ್ತದೆಂದು. ಮುಂದಿನ ವಾರದ ಸಭೆಯಿಂದ "ಅಳಿಯ ಕೇಳಿದ ಬೋರ್ ಹಣ" ಎಂದೇ ಬರೆಸಿ, ತಾರೀಖು ಹಾಕಿ, ಇಬ್ಬರು ರುಜು ಮಾಡಿ.