ಎಣ್ಣೆ ಬೆರೆಸಿದ್ದೇನಪ್ಪಾ?



ಮಧುಗಿರಿ, ಕೊರಟಗೆರೆ ಕಡೆಯ ಕಲ್ಲುದಾರಿಗಳಲ್ಲಿ ಓಡಾಡಲೆಂದು ನಾನೊಂದು ಹಳೆಯ ಯೆಜ್ಡಿ ಕೊಂಡೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. ಎರಡು ಸೈಲೆನ್ಸರ್ ಕಂಡು ಸಿಲಿಂಡರೂ ಎರಡೆಂದೇ ನಂಬಿದ್ದೆ. ಇರುವುದು ಒಂದೇ! ನನ್ನ ಅಜ್ಞಾನ ಅಲ್ಲಿಗೇ ನಿಲ್ಲಲಿಲ್ಲ.

ಒಂದು ಬೇಸಿಗೆಯಲ್ಲಿ ಪಾವಗಡಕ್ಕೆ ಹೊರಟವನು ಬರೀ ಪೆಟ್ರೋಲ್ ತುಂಬಿಸಿದೆ. ನಡುದಾರಿಯಲ್ಲಿ ಇಂಜಿನ್ ಕಿರುಗುಟ್ಟಿತು, ಹಿಂದಿನ ಚಕ್ರ ಬಿಗಿದು ಗಾಡಿ ಜಾರಿತು. ತಟ್ಟನೆ ಕ್ಲಚ್ ಹಿಡಿದದ್ದರಿಂದ ಬೀಳದೆ ಉಳಿದೆ. ತಳ್ಳಿಕೊಂಡು ಹೋದಾಗ ಮೇಸ್ತ್ರಿ ಕೇಳಿದ್ದು ಒಂದೇ ಮಾತು: "ಎಣ್ಣೆ ಬೆರೆಸಿದ್ದೇನಪ್ಪಾ?"

ಗೇರ್ ಬಾಕ್ಸಿನಲ್ಲಿ ಎಣ್ಣೆ ಇದೆಯಲ್ಲಾ ಎಂದೆ. ಅವರು ನಕ್ಕರು. ಅದು ಗೇರಿಗೆ ಮಾತ್ರ. ಈ ಟೂ ಸ್ಟ್ರೋಕ್ ಇಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಬೇರಿಂಗು, ಪಿಸ್ಟನ್ನುಗಳ ಸವೆತವನ್ನು ತಡೆಯಬೇಕು. ಅದಿಲ್ಲದೆ ನನ್ನ ಪಿಸ್ಟನ್ ಕಾದು, ಹಿಗ್ಗಿ, ಸಿಲಿಂಡರಿಗೆ ಕಚ್ಚಿಕೊಂಡಿತ್ತು.

ಮೈಸೂರಿನ ಆ ಕಾರ್ಖಾನೆ 1996ರಲ್ಲೇ ಮುಚ್ಚಿತ್ತು. 2022ರಲ್ಲಿ ಅದೇ ಹೆಸರಿನ ಗಾಡಿ ಮತ್ತೆ ಬಂದರೂ ಅದು ಫೋರ್ ಸ್ಟ್ರೋಕ್, ಅದರ ಪಿಸ್ಟನ್ ಇದಕ್ಕೆ ಕೂರದು. ಹುಡುಕಿ ತಂದ ದೊಡ್ಡ ಅಳತೆಯ ಪಿಸ್ಟನ್ನಿಗೆ ತಕ್ಕಂತೆ ಸಿಲಿಂಡರನ್ನು ಕೊರೆಸಬೇಕಾಯಿತು.

ಆಮೇಲೆ ನಾನೇ ಸ್ಪ್ಯಾನರ್ ಹಿಡಿದೆ. ಮೊದಲು ಕಲಿತದ್ದು ಪ್ಲಗ್ಗಿನ ಬಣ್ಣ ನೋಡುವುದು. ಕಾಫಿಪುಡಿ ಬಣ್ಣವಿದ್ದರೆ ಸರಿ. ಸುಣ್ಣದಂತೆ ಬೆಳ್ಳಗಿದ್ದರೆ ಗಾಳಿ ಹೆಚ್ಚಾಗಿ ಇಂಜಿನ್ ಕಾಯುತ್ತಿದೆ. ಕಪ್ಪಾಗಿದ್ದರೆ ಪೆಟ್ರೋಲೋ ಎಣ್ಣೆಯೋ ಹೆಚ್ಚಿದೆ, ಇಲ್ಲವೇ ಗಾಳಿ ಸಾಲದು. ಶಿರಾ ಕಡೆ ಸುತ್ತಿ ಬಂದ ಮೇಲೆ ಹೀಗೆ ಕಪ್ಪಾದರೆ ನಾನು ಮೊದಲು ಬಿಚ್ಚುವುದು ಧೂಳು ಕಟ್ಟಿದ ಏರ್ ಫಿಲ್ಟರನ್ನು.

ಮೊನ್ನೆ ಮತ್ತೆ ಪಾವಗಡಕ್ಕೆ ಹೋಗಿ ಬಂದೆ. ಎಣ್ಣೆಯ ಅಳತೆಪಾತ್ರೆ ಚೀಲದಲ್ಲೇ ಇತ್ತು.