ಕಾಡುಜೀವಿಗಳ ನೆಲೆಗೆ ನಮ್ಮದೂ ಒಂದು ಪಾಲು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘ ನಡೆದು ಬಂದ ದಾರಿಯನ್ನು ಅಧ್ಯಕ್ಷರೂ ಕಾರ್ಯದರ್ಶಿಗಳೂ ಆಗಲೇ ಚೆನ್ನಾಗಿ ಹೇಳಿದ್ದಾರೆ. ನಾವು ಓದಿದ್ದು ಎಸ್.ಎಸ್.ಎಲ್.ಸಿ. ತನಕ, ಮಾಡುವುದು ಬೇಸಾಯ. ದೊಡ್ಡ ಭಾಷಣ ನಮಗೆ ಬರುವುದಿಲ್ಲ. ದುಡ್ಡು ಎತ್ತುವ ಬಗ್ಗೆ ಒಂದೆರಡು ಮಾತು ಹೇಳುತ್ತೇವೆ. ಗಾಬರಿ ಬೇಡಿ, ಶೇರು ಹಣ ಏರಿಸುವ ಮಾತಲ್ಲ ಇದು. ಕಾಡುಪ್ರಾಣಿ, ಹಕ್ಕಿಪಕ್ಷಿ ಬದುಕುವ ನೆಲ ಉಳಿಸುವುದಕ್ಕೆ ನಮ್ಮಂಥ ಸಾಮಾನ್ಯ ಜನ ಹಣ ಕೂಡಿಸಬಹುದೇ, ಹೇಗೆ ಕೂಡಿಸಬೇಕು, ಕೂಡಿದ ಹಣ ಯಾರ ಕೈಗೆ ಹೋಗಬೇಕು ಎಂಬುದೇ ವಿಷಯ.

ಆಡಳಿತ ಮಂಡಳಿಯಲ್ಲಿ ಈ ಮಾತು ತೆಗೆದಾಗ ಹಿರಿಯ ಸದಸ್ಯರೊಬ್ಬರು ಕೇಳಿದರು: "ಅಲ್ಲ ಕಣಪ್ಪಾ, ಹಂದಿ ಬಂದು ಕಳ್ಳೇಕಾಯಿ ಕೆದರಿ ಹೋಗ್ತದೆ. ಜಿಂಕೆ ಇರೋ ಕಡೆ ಜಿಂಕೆ ಮೇಯ್ತವೆ. ತಿನ್ನಿಸಿಕೊಂಡವರೂ ನಾವೇ, ಚಂದಾ ಕೊಡೋರೂ ನಾವೇನಾ?" ಈ ಪ್ರಶ್ನೆ ನ್ಯಾಯವಾದದ್ದು. ಇದಕ್ಕೆ ಉತ್ತರ ಹೇಳದೆ ಯಾರೂ ಈ ಊರಲ್ಲಿ ರಸೀದಿ ಪುಸ್ತಕ ಹಿಡಿದು ಓಡಾಡಬಾರದು. ಆ ಉತ್ತರಕ್ಕೆ ಬರುವ ಮುಂಚೆ ಬೇರೆಯವರು ಏನು ಮಾಡಿದ್ದಾರೆ ಎಂಬುದನ್ನು ನೋಡೋಣ.

ಸ್ವೀಡನ್ ದೇಶದ ಒಂದು ಹಳ್ಳಿ ಶಾಲೆಯಲ್ಲಿ 1987ರಲ್ಲಿ ಮೇಡಂ ಒಬ್ಬರು ಮಳೆಕಾಡುಗಳು ನಾಶವಾಗುತ್ತಿರುವ ಪಾಠ ಮಾಡಿದರು. ಒಂಬತ್ತು ವರ್ಷದ ಒಬ್ಬ ಹುಡುಗ ಎದ್ದು, ಇದಕ್ಕೆ ನಾವೇನು ಮಾಡಬಹುದು ಅಂತ ಕೇಳಿದ. ಆ ಮಕ್ಕಳು ಚಿತ್ರ ಬರೆದು ಮಾರಿದರು, ನಾಟಕ ಆಡಿದರು, ದುಡ್ಡು ಕೂಡಿಸಿ ಕೋಸ್ಟರಿಕಾ ದೇಶದ ಮೊಂಟೆವರ್ಡೆ ಎಂಬಲ್ಲಿ ಕಾಡು ಕೊಳ್ಳಲು ಕಳಿಸಿದರು. ಮೊದಲು ಸಿಕ್ಕಿದ್ದು ಸುಮಾರು 15 ಎಕರೆ. ಸುದ್ದಿ ಹಬ್ಬಿ 44 ದೇಶಗಳ ಮಕ್ಕಳು ಕೈ ಜೋಡಿಸಿದರು. ಇವತ್ತು ಆ ಕಾಡು 22 ಸಾವಿರ ಹೆಕ್ಟೇರಿಗೂ ಮೇಲಿದೆ, ಅಂದರೆ ನಮ್ಮ ಲೆಕ್ಕದಲ್ಲಿ 54 ಸಾವಿರ ಎಕರೆ ದಾಟುತ್ತದೆ. ಅದರ ಹೆಸರೇ ಮಕ್ಕಳ ಶಾಶ್ವತ ಅರಣ್ಯ.

ಇಂಗ್ಲೆಂಡಿನಲ್ಲಿ ಇನ್ನೊಂದು ಥರ. ಲಂಡನ್ ಮ್ಯಾರಥಾನ್ ಓಟದಲ್ಲಿ ಕೆಲವರು ಹತ್ತು ಕಿಲೋ ತೂಕದ ಘೇಂಡಾಮೃಗದ ವೇಷ ಹೊತ್ತು 42 ಕಿಲೋಮೀಟರ್ ಓಡುತ್ತಾರೆ. ಓಡುವ ಮುಂಚೆ ನೆಂಟರು, ಸ್ನೇಹಿತರು, ಜೊತೆ ಕೆಲಸದವರ ಹತ್ತಿರ ಮಾತು ತಗೊಂಡಿರುತ್ತಾರೆ: ನಾನು ಈ ಓಟ ಮುಗಿಸಿದರೆ ನೀನು ಇಷ್ಟು ಕೊಡಬೇಕು. ಆ ಹಣ ಘೇಂಡಾಮೃಗಗಳ ರಕ್ಷಣೆಗೆ ಹೋಗುತ್ತದೆ.

ಇದೇನು ವಿಚಿತ್ರ ಅಂತ ನಗಬೇಡಿ. ನಮ್ಮಲ್ಲಿ ಇಲ್ಲವೇ? ನಮ್ಮ ತುಮಕೂರು ಸೀಮೆಯಲ್ಲಿ ಕುರುಕ್ಷೇತ್ರ ನಾಟಕ ಕಟ್ಟುವಾಗ ಪಾತ್ರ ಮಾಡುವವನೇ ದುಡ್ಡು ಕೊಡುತ್ತಾನೆ. ದುರ್ಯೋಧನನಿಗೆ ಇಷ್ಟು, ಕೃಷ್ಣನಿಗೆ ಇಷ್ಟು ಅಂತ ಪೈಪೋಟಿ ಮೇಲೆ ಪಾತ್ರ ಹಿಡಿದು, ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂತು ಕಂದ ಕಲಿಯುತ್ತಾನೆ. ದೇವರ ಹಾರವನ್ನು ಸವಾಲು ಕೂಗಿ ಹಿಡಿಯುತ್ತೇವೆ. ಹರಕೆ ಹೊತ್ತವರು ಬರಿಗಾಲಲ್ಲಿ ಬೆಟ್ಟ ಹತ್ತುತ್ತಾರೆ. ಮದುವೆಯಲ್ಲಿ ಮುಯ್ಯಿ ಹಾಕಿ ಪುಸ್ತಕದಲ್ಲಿ ಬರೆಸುತ್ತೇವೆ. ಮೈ ದಂಡಿಸಿ, ನಾಲ್ಕು ಜನರ ಎದುರು ಮಾತು ಕೊಟ್ಟು, ಒಳ್ಳೆಯ ಕೆಲಸಕ್ಕೆ ದುಡ್ಡು ಎತ್ತುವ ವಿದ್ಯೆಯನ್ನು ನಮಗೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ನಮ್ಮ ನಾಡಿನ ಸಹಕಾರ ಚಳವಳಿಯೇ ಹಾಗೆ ಹುಟ್ಟಿತು. 1905ರಲ್ಲಿ ಗದಗಿನ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ರೈತರಿಂದಲೇ ಹಣ ಕೂಡಿಸಿ ಸಂಘ ಕಟ್ಟಿದರು.

ಈಗ ನಮ್ಮ ನಾಡಿನ ಕಾಡುಜೀವಿಗಳ ಕಡೆ ಬರೋಣ.

ಮಂಡ್ಯ ಜಿಲ್ಲೆ ಮಳವಳ್ಳಿ ತಾಲ್ಲೂಕಿನ ದಾಸನದೊಡ್ಡಿಯ ಕಾಮೇಗೌಡರ ಹೆಸರು ಕೇಳಿದ್ದೀರಿ. ಕುರಿ ಕಾಯುತ್ತಿದ್ದವರು. ಬೇಸಿಗೆಯಲ್ಲಿ ಬೆಟ್ಟದ ಮೇಲೆ ಹಕ್ಕಿ, ಪ್ರಾಣಿಗಳಿಗೆ ನೀರಿಲ್ಲ ಎಂದು ಕಂಡು ಕಟ್ಟೆ ತೋಡಲು ಶುರು ಮಾಡಿದರು. ಗುದ್ದಲಿ, ಹಾರೆ ಕೊಳ್ಳಲು ಕುರಿ ಮಾರಿದರು. ಪ್ರಶಸ್ತಿಯಿಂದ ಬಂದ ಹಣವನ್ನೂ ಕಟ್ಟೆಗೇ ಸುರಿದರು. 2022ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಹದಿನಾಲ್ಕಕ್ಕೂ ಹೆಚ್ಚು ಕಟ್ಟೆಗಳನ್ನು ಬಿಟ್ಟು ಹೋಗಿದ್ದರು. ಅದೇ ಜಿಲ್ಲೆಯ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಗೂಡಿರುವ ಹುಣಸೆಮರದ ಮಾಲೀಕರಿಗೆ ಅರಣ್ಯ ಇಲಾಖೆ ಪರಿಹಾರ ಕೊಡುವ ಪದ್ಧತಿ ಬಂತು. ಊರಿನ ಯುವಕರು ಹೆಜ್ಜಾರ್ಲೆ ಬಳಗ ಎಂದು ಕಟ್ಟಿಕೊಂಡು, ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಎಂದು ಘೋಷಣೆಯಾಯಿತು.

ಅಷ್ಟು ದೂರ ಏಕೆ, ನಮ್ಮ ಶಿರಾ ತಾಲ್ಲೂಕಿನಲ್ಲೇ ಕಗ್ಗಲಡು ಇದೆ. ಅಲ್ಲಿಯ ಹುಣಸೆಮರಗಳಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಸಂಸಾರ ಮಾಡುತ್ತವೆ. ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು 1999ರಲ್ಲಿ ಇದನ್ನು ಹೊರಗಿನವರಿಗೆ ತಿಳಿಸಿದರು. ಆದರೆ ಅವರು ಬರುವ ಮುಂಚೆಯೇ ಊರಿನವರು ಹಕ್ಕಿಗಳನ್ನು ಕಾಯುತ್ತಿದ್ದರು. ಗೂಡಿರುವ ಮರಕ್ಕೆ ಕೋಲು ಹಾಕಿ ಹಣ್ಣು ಬಡಿಯುವ ಹಾಗಿಲ್ಲ. ಹುಣಸೆಹಣ್ಣಿಗೆ ಮಾರುಕಟ್ಟೆಯಲ್ಲಿ ಏನು ಬೆಲೆ ಇದೆ ಅಂತ ನಮ್ಮ ಸೀಮೆಯವರಿಗೆ ಹೇಳಬೇಕಾಗಿಲ್ಲ. ಒಂದು ಮರದ ಫಸಲು ಬಿಟ್ಟವನು ಎಷ್ಟು ಸಾವಿರದ ದೇಣಿಗೆ ಕೊಟ್ಟ ಹಾಗಾಯಿತು, ಲೆಕ್ಕ ಹಾಕಿ. ಆ ದೇಣಿಗೆಗೆ ರಸೀದಿ ಇಲ್ಲ, ಕಲ್ಲಿನ ಮೇಲೆ ಹೆಸರು ಕೆತ್ತಿಸಿಲ್ಲ, ಶಾಲು ಹೊದಿಸಿದವರೂ ಇಲ್ಲ.

ನಮ್ಮ ಹಿರಿಯ ಸದಸ್ಯರ ಪ್ರಶ್ನೆಗೆ ಉತ್ತರ ಇಲ್ಲೇ ಇದೆ. ಬೆಳೆ ಕಳೆದುಕೊಂಡ ರೈತ, ಮರದ ಫಸಲು ಬಿಟ್ಟ ಮನೆಯವರು ಆಗಲೇ ತಮ್ಮ ಪಾಲನ್ನು ಕೊಟ್ಟಾಗಿದೆ. ಕೊಡಬೇಕಾದವರು ಉಳಿದವರು. ಎಂದರೆ ಜಿಂಕೆ ನೋಡಿ ಖುಷಿಪಡುವವರು, ಕೊಕ್ಕರೆ ಫೋಟೋ ತೆಗೆಯುವವರು, ಮಳೆ ಹೋಯಿತು ಕೆರೆ ಒಣಗಿತು ಅಂತ ಪೇಟೆಯಲ್ಲಿ ಕೂತು ಮಾತಾಡುವವರು, ನಷ್ಟವಾಗದ ನಮ್ಮಂಥವರು. ಆದ್ದರಿಂದ ಎತ್ತಿದ ದುಡ್ಡು ಮೊದಲು ಹೋಗಬೇಕಾದ್ದು ನಷ್ಟ ಹೊತ್ತವರ ಮನೆಗೆ. ಹೊಟ್ಟೆ ಉರಿದ ರೈತನ ಹೊಲದ ಪಕ್ಕದಲ್ಲಿ ಯಾವ ಪ್ರಾಣಿಯೂ ನೆಮ್ಮದಿಯಾಗಿ ಬಾಳಲಾರದು.

ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ವಿಷಯವನ್ನೂ ಇಲ್ಲಿ ಹೇಳಬೇಕು. ಅಲ್ಲಿಯ 798 ಎಕರೆ ಬಯಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು ಎಂದು ಸರ್ಕಾರ ಘೋಷಿಸಿತು. ಕೃಷ್ಣಮೃಗ ಬಯಲಿನ ಪ್ರಾಣಿ. ದೂರದಿಂದಲೇ ಅಪಾಯ ಕಂಡು ಓಡಿ ಜೀವ ಉಳಿಸಿಕೊಳ್ಳುತ್ತದೆ. ಅದಕ್ಕೆ ಬೇಕಾದ್ದು ಹುಲ್ಲು ಮತ್ತು ತೆರೆದ ಜಾಗ. ಪರಿಸರ ಎಂದ ಕೂಡಲೇ ಗಿಡ ನೆಡುವುದೊಂದೇ ನಮಗೆ ನೆನಪಾಗುತ್ತದೆ. ಊರ ಬದು, ರಸ್ತೆ ಬದಿ, ಶಾಲೆ ಅಂಗಳದಲ್ಲಿ ಗಿಡ ನೆಡೋಣ, ಅದು ಪುಣ್ಯದ ಕೆಲಸ. ಆದರೆ ಹುಲ್ಲಿನ ಕಾವಲಿನಲ್ಲಿ ನೀಲಗಿರಿ ಏರಿಸಿದರೆ ಕೃಷ್ಣಮೃಗದ ಮನೆ ಕೆಡಿಸಿದ ಹಾಗೆ. ದುಡ್ಡು ಕೂಡಿಸುವುದಕ್ಕಿಂತ ತಿಳಿದು ಖರ್ಚು ಮಾಡುವುದು ಕಷ್ಟ. ಬಂಜರು ಅಂತ ಕಾಗದದಲ್ಲಿ ಬರೆದ ನೆಲವೆಲ್ಲ ಬಂಜರಲ್ಲ.

ಮೀಸಲಿನ ಒಳಗೆ ಕೆಲಸ ಮಾಡುವುದು ಇಲಾಖೆಯ ಜವಾಬ್ದಾರಿ. ಆದರೆ ವನ್ಯಜೀವಿ ಕಾಯಿದೆಗೆ 2002ರಲ್ಲಿ ಆದ ತಿದ್ದುಪಡಿಯಂತೆ, ಇಂಥ ಸಂರಕ್ಷಣಾ ಮೀಸಲಿನ ಸಮಿತಿಯಲ್ಲಿ ಆಯಾ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೂ ಜಾಗ ಇದೆ. ಹಳ್ಳಿಯವರ ಮಾತು ಅಲ್ಲಿ ನಡೆಯಬಹುದು. ನಮ್ಮ ಹಣ ಕೆಲಸಕ್ಕೆ ಬರುವುದು ಹೊರಗಿನ ಅಂಚಿನಲ್ಲಿ, ನಮ್ಮ ಹೊಲ ತೋಟಗಳಲ್ಲಿ. ಹಾಳುಬಿದ್ದ ತೆರೆದ ಬಾವಿಗೆ ಕಟ್ಟೆ ಕಟ್ಟಿಸಿದರೆ ಕರಡಿಯೂ ಉಳಿಯಿತು, ನಮ್ಮ ಕರುವೂ ಉಳಿಯಿತು, ಆಡುವ ಮಗುವೂ ಉಳಿಯಿತು. ನೀರು ಬಾರದ ಕೊಳವೆಬಾವಿಯ ಬಾಯಿ ಮುಚ್ಚಬೇಕು. ಬೇಸಿಗೆಯಲ್ಲಿ ನೀರಿನ ತೊಟ್ಟಿ ತುಂಬಬೇಕು. ಫಸಲು ಹೋದವರಿಗೆ ಬಿತ್ತನೆ ಬೀಜಕ್ಕಾದರೂ ಆಸರೆಯಾಗಬೇಕು.

ಇಷ್ಟಕ್ಕೆ ಹಣ ಹೇಗೆ? ಸಂಘದ ಲಾಭಕ್ಕೆ ಕೈ ಹಾಕುವುದು ಬೇಡ, ಯಾರ ಬಟವಾಡೆಯಲ್ಲೂ ಹೇಳದೆ ಕೇಳದೆ ಮುರಿದುಕೊಳ್ಳುವುದೂ ಬೇಡ. ಇಷ್ಟವಿದ್ದವರು ಬರೆದು ಸಹಿ ಹಾಕಿ ತಿಂಗಳಿಗೆ ಒಂದು ಲೀಟರ್ ಹಾಲು ಬಿಡಲಿ. ನೂರು ಜನ ಬಿಟ್ಟರೆ ವರ್ಷಕ್ಕೆ 1,200 ಲೀಟರ್. ಲೀಟರಿಗೆ 30 ರೂಪಾಯಿ ಎಂದು ಹಿಡಿದರೆ 36,000 ರೂಪಾಯಿ. ಎರಡನೆಯದು ಹುಡುಗರಿಗೆ. ಮಧುಗಿರಿ ಬೆಟ್ಟದ ಎತ್ತರ ಸಮುದ್ರ ಮಟ್ಟದಿಂದ 3,930 ಅಡಿ. ಒಂದು ಭಾನುವಾರ ಹತ್ತಿ ಬರುತ್ತೇವೆ ಅಂತ ಪಣ ತೊಟ್ಟು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ಊರಿನವರ ಹತ್ತಿರ ಮೊದಲೇ ಮಾತು ತಗೊಳ್ಳಿ. ಪೇಟೆ ಸೇರಿದವರಿಗೂ ಊರಿನ ಋಣ ತೀರಿಸಲು ಒಂದು ದಾರಿ ಬೇಕಾಗಿರುತ್ತದೆ. ಮೂರನೆಯದು ನಾಟಕ. ಈ ವರ್ಷದ ದುರ್ಯೋಧನ ತನ್ನ ಪಾತ್ರದ ಹಣದ ಜೊತೆಗೆ ನೂರು ರೂಪಾಯಿ ಹೆಚ್ಚಿಗೆ ಕೊಡಲಿ, ಛಲದಂಕಮಲ್ಲ ಎಂಬ ಹೆಸರು ಸಾರ್ಥಕವಾಗಲಿ. ಶಾಲೆ ಮಕ್ಕಳು ಒಂದು ವಾರ ಅಂಗಡಿ ಕುರುಕಲು ತಿಂಡಿ ಬಿಟ್ಟರೆ ಅವರ ಹೊಟ್ಟೆಗೂ ಒಳ್ಳೆಯದು, ಹುಂಡಿಗೂ ಒಳ್ಳೆಯದು.

ಕೊನೆಯದಾಗಿ ಲೆಕ್ಕದ ಮಾತು. ಡೈರಿಯಲ್ಲಿ ಕಾಲು ಲೀಟರ್ ಹೆಚ್ಚುಕಮ್ಮಿಯಾದರೆ ನಮ್ಮ ತಾಯಂದಿರು ಬಿಡುವುದಿಲ್ಲ. ಫ್ಯಾಟು ಎಷ್ಟು ಬಂತು ಅಂತ ನಿಂತು ಕೇಳುತ್ತಾರೆ. ಈ ಹಣಕ್ಕೂ ಅಂಥದೇ ಕಾವಲು ಬೇಕು. ಬೇರೆ ಪುಸ್ತಕ, ಬೇರೆ ಖಾತೆ, ಮೂರು ಜನರ ಸಹಿ, ಅದರಲ್ಲಿ ಒಬ್ಬರು ಮಹಿಳೆ ಇರಲಿ. ಯಾರಿಂದ ಎಷ್ಟು ಬಂತು, ಯಾವ ಬಾವಿಗೆ ಎಷ್ಟು ಹೋಯಿತು, ಯಾವ ರೈತನಿಗೆ ಎಷ್ಟು ಸಂದಿತು ಎಂದು ಡೈರಿ ಗೋಡೆಯ ಹಲಗೆ ಮೇಲೆ ಸೀಮೆಸುಣ್ಣದಲ್ಲಿ ಬರೆಯಲಿ. ಮಹಾಸಭೆಯಲ್ಲಿ ಓದಿ ಹೇಳಲಿ. ಲೆಕ್ಕ ಮುಚ್ಚಿಟ್ಟ ದಿನ ಈ ಹಣ ಎತ್ತುವುದು ನಿಲ್ಲಲಿ.

ಎಲ್ಲರಿಗಾಗಿ ನಾನು, ನನಗಾಗಿ ಎಲ್ಲರೂ ಎಂಬುದು ಸಹಕಾರದ ಮಂತ್ರ. ಆ ಎಲ್ಲರೊಳಗೆ ಬಾಯಿ ಬಾರದ ಜೀವಿಗಳನ್ನೂ, ಅವುಗಳ ಭಾರ ಒಬ್ಬನೇ ಹೊರುವ ರೈತನನ್ನೂ ಸೇರಿಸಿಕೊಳ್ಳೋಣ. ಮುಂದಿನ ಮಹಾಸಭೆಗೆ ಈ ಠರಾವು ಬರುತ್ತದೆ. ಒಪ್ಪುವವರು ಒಪ್ಪಿ, ಒಪ್ಪದವರು ಎದ್ದು ನಿಂತು ಪ್ರಶ್ನೆ ಕೇಳಿ. ಸಂಘ ಇಪ್ಪತ್ತೈದು ವರ್ಷ ಬದುಕಿರುವುದೇ ಕೇಳುವವರು ಇದ್ದದ್ದರಿಂದ.